ಶೀಟ್ ಫಿಲ್ಮ್ ತೊಳೆಯಲು ಮನೆಗೆ ಯಾವ ಟ್ಯಾಂಕ್ ತರಬೇಕು?

ಬೆಳವಾಡಿಯ ವೀರನಾರಾಯಣ ದೇವಸ್ಥಾನಕ್ಕೆ 4×5 ಇಂಚಿನ ಫಿಲ್ಮ್ ಹಾಳೆಯಲ್ಲಿ, ಅಂದರೆ ಶೀಟಿನಲ್ಲಿ, ಒಂದೊಂದೇ ಚಿತ್ರ ತೆಗೆಯುವ ಕ್ಯಾಮೆರಾ ಹೊತ್ತುಕೊಂಡು ಹೋದರೆ ನಾನು ನಾಲ್ಕು ಶೀಟ್‌ಗಿಂತ ಜಾಸ್ತಿ ತೆಗೆಯುವುದಿಲ್ಲ. ಬೆಳಿಗ್ಗೆ ಬೇಗ ಚಿಕ್ಕಮಗಳೂರು ಬಿಡುತ್ತೇನೆ. ಕಡೆದು ನಯ ಮಾಡಿದ ಆ ಕಂಬಗಳ ಮೇಲೆ ಬೆಳಕು ಜಾರುವವರೆಗೆ ಕಾಯುತ್ತೇನೆ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಫೋಕಸ್ ಮಾಡಿ ಮುಗಿಸುವಷ್ಟರಲ್ಲಿ ಸುತ್ತ ಹತ್ತು ಮಕ್ಕಳು ಸೇರಿರುತ್ತಾರೆ. ಎರಡು ಹೋಲ್ಡರ್, ನಾಲ್ಕು ಶೀಟ್, ಅಷ್ಟಕ್ಕೇ ಮಧ್ಯಾಹ್ನ ಆಗಿಬಿಡುತ್ತದೆ.

ಟ್ಯಾಂಕಿನ ಲೆಕ್ಕ ಶುರು ಮಾಡಬೇಕಾದ್ದು ಈ ನಾಲ್ಕರಿಂದ. ಇದು ನನಗೆ ಹೊಳೆದದ್ದು ಮಾತ್ರ ತಡವಾಗಿ. ಮೊದಲ ಸಲ ಟ್ಯಾಂಕ್ ಕೊಳ್ಳುವಾಗ ಎಲ್ಲರ ಹಾಗೆ ನಾನೂ "ಒಂದು ಸಲಕ್ಕೆ ಎಷ್ಟು ಶೀಟ್ ಹಿಡಿಯುತ್ತದೆ?" ಅಂತಲೇ ನೋಡಿದ್ದೆ. ಹನ್ನೆರಡು ಹಿಡಿಯುವ ಟ್ಯಾಂಕ್ ಕಂಡು ಖುಷಿಯಾಗಿತ್ತು. ಹನ್ನೆರಡು ಶೀಟ್ ತೆಗೆಯಲು ನನಗೆ ಒಂದು ತಿಂಗಳು ಬೇಕು. ಅಲ್ಲಿವರೆಗೆ ಕಾಯುವ ತಾಳ್ಮೆ ಯಾರಿಗಿದೆ? ನಾಲ್ಕು ಶೀಟಿಗೇ ಒಂದೂವರೆ ಲೀಟರ್ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಸುರಿಯುತ್ತಿದ್ದೆ.

ಹಿಂದೆ ರೀಲು ತೊಳೆಸುವುದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಕೊಟ್ಟು ಬಂದರೆ ಆಗುತ್ತಿತ್ತು. ಶೀಟ್ ಫಿಲ್ಮನ್ನು ನಮ್ಮ ಕಡೆ ಹಾಗೆ ಕೊಡಲು ಜಾಗವಿಲ್ಲ. ಮನೆಯಲ್ಲೇ ತೊಳೆಯಬೇಕು. ಕಪ್ಪು-ಬಿಳುಪು ಫಿಲ್ಮ್ ಆದರೆ ಅದೇನೂ ದೊಡ್ಡ ವಿದ್ಯೆಯಲ್ಲ. ನಿಮ್ಮ ಮನೆಗೆ, ನಿಮ್ಮ ಕೈಗೆ, ನಿಮ್ಮ ಜೇಬಿಗೆ ಹೊಂದುವ ಪಾತ್ರೆ ಯಾವುದು ಅನ್ನುವುದೇ ಪ್ರಶ್ನೆ.

ಕತ್ತಲೆ ಎಲ್ಲಿದೆ, ಮೊದಲು ಅದು ನೋಡಿ

ಟ್ಯಾಂಕುಗಳಲ್ಲಿ ಎರಡು ಜಾತಿ. ಒಂದು, ಫಿಲ್ಮ್ ಒಳಗೆ ಹಾಕುವಾಗ ಮಾತ್ರ ಕತ್ತಲೆ ಕೇಳುವ ಮುಚ್ಚಳದ ಟ್ಯಾಂಕ್. ಮುಚ್ಚಳ ಬಿದ್ದ ಮೇಲೆ ದೀಪ ಹಾಕಿಕೊಂಡು ಅಡುಗೆಮನೆಯಲ್ಲೇ ಕೆಲಸ ಮಾಡಬಹುದು. ಇನ್ನೊಂದು ಟ್ರೇ ಮತ್ತು ತೆರೆದ ತೊಟ್ಟಿ. ಇವಕ್ಕೆ ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ದ್ರಾವಣ) ಮುಗಿಯುವವರೆಗೂ, ಅಂದರೆ ಇಪ್ಪತ್ತು ನಿಮಿಷದ ತನಕ, ಪೂರ್ತಿ ಕತ್ತಲೆ ಬೇಕು.

ಪೂರ್ತಿ ಕತ್ತಲೆ ಅಂದರೆ ಏನು ಅಂತ ನಾನು ಕಲಿತದ್ದು ಅಜ್ಜಿ ಮನೆಯಲ್ಲಿ. ಮೂಡಿಗೆರೆ ಹತ್ತಿರದ ಹಳೇ ಮನೆ, ಹಿಂದೆ ದೊಡ್ಡ ಬಚ್ಚಲು ಮನೆ, ಕಿಟಕಿಯೇ ಇಲ್ಲ. ಇದಕ್ಕಿಂತ ಡಾರ್ಕ್‌ರೂಮ್ ಬೇಕಾ ಅಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ಟ್ರೇ ಜೋಡಿಸಿ ಮೂರು ಶೀಟ್ ತೊಳೆದೆ. ಮೂರೂ ಮಬ್ಬು. ಬೆಳಿಗ್ಗೆ ನೋಡಿದರೆ ಹಂಡೆ ಒಲೆಯ ಬೂದಿಯಲ್ಲಿ ಇನ್ನೂ ಕೆಂಡ ಉಸಿರಾಡುತ್ತಿತ್ತು. ನನ್ನ ಕಣ್ಣಿಗೆ ಅದು ಬೆಳಕು ಅನಿಸಿರಲಿಲ್ಲ. ಈಗಿನ ಮಾಮೂಲಿ ಕಪ್ಪು-ಬಿಳುಪು ಫಿಲ್ಮುಗಳು ಪ್ಯಾನ್‌ಕ್ರೊಮ್ಯಾಟಿಕ್. ಅವಕ್ಕೆ ಕೆಂಪೂ ಕಾಣಿಸುತ್ತದೆ. "ಹೇಳಿದ್ದರೆ ನೀರು ಹಾಕಿ ಆರಿಸ್ತಿದ್ದೆ ಕಣೋ" ಅಂದರು ಅಜ್ಜಿ.

ಆದ್ದರಿಂದ ಕೋಣೆಯನ್ನು ಹೀಗೆ ಪರೀಕ್ಷಿಸಿ. ರಾತ್ರಿ ದೀಪ ಆರಿಸಿ ಒಳಗೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮುಖದ ಮುಂದೆ ಬಿಳಿ ಹಾಳೆ ಹಿಡಿಯಿರಿ. ಅಂಚು ಕಂಡರೆ ಬೆಳಕು ಇದೆ ಅಂತಲೇ ಅರ್ಥ. ಯುಪಿಎಸ್‌ನ ಹಸಿರು ಚುಕ್ಕಿ, ಗೀಸರ್‌ನ ಕೆಂಪು ದೀಪ, ಬಾಗಿಲ ಸಂದಿಯಿಂದ ಬರುವ ದೇವರ ಮನೆ ದೀಪ, ಎಲ್ಲಾ ಆಗ ಎದ್ದು ಕಾಣುತ್ತವೆ. ಇವನ್ನು ಮುಚ್ಚುವುದು ಕಷ್ಟವಾದರೆ ನಿಮಗೆ ಮುಚ್ಚಳದ ಟ್ಯಾಂಕೇ ಸರಿ. ಫಿಲ್ಮ್ ತುಂಬಲು ಕೈ ತೂರಿಸುವ ಕಪ್ಪು ಚೀಲ ಸಾಕು. ಆದರೆ 4×5ಕ್ಕೆ ಚಿಕ್ಕ ಚೀಲ ಇಕ್ಕಟ್ಟು. ಬಟ್ಟೆ ಫಿಲ್ಮಿನ ಮೇಲೇ ಬೀಳುತ್ತದೆ, ಏಪ್ರಿಲ್ ಸೆಕೆಯಲ್ಲಿ ಒಳಗೆ ಕೈ ಬೆವರುತ್ತದೆ, ಬೆವರ ಬೆರಳಿನ ಗುರುತು ನೆಗೆಟಿವ್ ಮೇಲೆ ಶಾಶ್ವತ. ಒಳಗೆ ಕಡ್ಡಿ ಇದ್ದು ಗುಡಾರದ ಹಾಗೆ ನಿಲ್ಲುವ ಚೀಲವನ್ನೇ ಕೊಳ್ಳಿ.

ಡೆವಲಪರ್ ಲೆಕ್ಕ: ಟ್ಯಾಂಕಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಉಳಿಯುವುದೂ, ನೆಗೆಟಿವ್ ಕೆಡುವುದೂ ಇಲ್ಲೇ.

ಒಂದು 4×5 ಶೀಟ್ ಅಂದರೆ 20 ಚದರ ಇಂಚು. ನಾಲ್ಕು ಶೀಟ್ 80 ಚದರ ಇಂಚು. ಒಂದು 8×10 ಶೀಟೂ 80. 36 ಚಿತ್ರದ ಒಂದು 35 ಎಂಎಂ ರೀಲೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ರೀಲಿಗೆ ಹೇಳಿದ ಎಲ್ಲಾ ಲೆಕ್ಕವನ್ನು "ನಾಲ್ಕು ಶೀಟಿಗೆ" ಅಂತ ಓದಿಕೊಳ್ಳಬಹುದು.

ಡಿ-76 ಡೆವಲಪರನ್ನು ಒಂದಕ್ಕೆ ಒಂದು ನೀರು ಬೆರೆಸಿ ಬಳಸಿದರೆ ಒಂದು ರೀಲಿಗೆ 473 ಮಿ.ಲೀ. ಬೇಕು ಅನ್ನುತ್ತದೆ ಕೊಡಕ್. ಅದರ ಅರ್ಧದಷ್ಟರಲ್ಲಿ ತೊಳೆದರೆ ಸಮಯವನ್ನು ಶೇಕಡಾ 10 ಜಾಸ್ತಿ ಮಾಡಿ ಅನ್ನುತ್ತದೆ. ಯಾಕೆಂದರೆ ಕೆಲಸ ಮಾಡುವುದು ನೀರಲ್ಲ, ನೀರಿನಲ್ಲಿರುವ ಮೆಟಾಲ್ ಮತ್ತು ಹೈಡ್ರೋಕ್ವಿನೋನ್. ಅವು ಮುಗಿದುಹೋದರೆ ನೆಗೆಟಿವ್ ಸಪ್ಪೆ. ಎಚ್‌ಸಿ-110 ತರಹದ ದ್ರವ ಡೆವಲಪರಿಗೆ ಹಳಬರ ಲೆಕ್ಕ ಇನ್ನೂ ಸುಲಭ. ಎಷ್ಟೇ ನೀರು ಹಾಕಿ, ಒಂದು ರೀಲಿಗೆ, ಅಂದರೆ ನಾಲ್ಕು ಶೀಟಿಗೆ, ಮೂಲ ದ್ರವ 6 ಮಿ.ಲೀ. ಇರಲೇಬೇಕು.

ಈಗ ಇದನ್ನು ಟ್ಯಾಂಕುಗಳಿಗೆ ಹಚ್ಚಿ ನೋಡಿ.

ನಾಲ್ಕು ಶೀಟಿನ ಚಪ್ಪಟೆ ಟ್ಯಾಂಕ್ ಸುಮಾರು 475 ಮಿ.ಲೀ. ಕುಡಿಯುತ್ತದೆ. ಡಿ-76 ಒಂದಕ್ಕೊಂದು ಬೆರೆಸಿದರೆ ಸರಿಯಾಗಿ ಹೊಂದುತ್ತದೆ. ಒಂದು ಲೀಟರ್ ಮೂಲ ದ್ರಾವಣದಲ್ಲಿ ನಾಲ್ಕು ಸರದಿ, ಹದಿನಾರು ಶೀಟ್.

ಆರು ಶೀಟಿನ ರ‍್ಯಾಕ್ ಹಾಕುವ ಟ್ಯಾಂಕಿಗೆ ಒಂದು ಲೀಟರ್ ಬೇಕು. ಅದೇ ಡೆವಲಪರಿನಲ್ಲಿ ಎರಡೇ ಸರದಿ. ಪ್ರತಿ ಸಲ ಆರು ತುಂಬಿಸಿದರೆ ಹನ್ನೆರಡು ಶೀಟ್. ನನ್ನ ಹಾಗೆ ನಾಲ್ಕೇ ಹಾಕಿದರೆ ಬರೀ ಎಂಟು.

ಅಡ್ಡ ಮಲಗಿಸಿ ಉರುಳಿಸುವ ಡ್ರಮ್ಮಿನ ಕತೆ ಉಲ್ಟಾ. ಆರು ಶೀಟಿಗೆ 270 ಮಿ.ಲೀ. ಸಾಕು ಅಂತ ಬರೆದಿರುತ್ತಾರೆ. ಫಿಲ್ಮ್ ಒದ್ದೆಯಾಗಲು ಅಷ್ಟು ಸಾಕು, ನಿಜ. ಆದರೆ ಆರು ಶೀಟ್ ಅಂದರೆ ಒಂದೂವರೆ ರೀಲು. ಡಿ-76 ಒಂದಕ್ಕೊಂದು ಬೆರೆಸಿದ್ದಾದರೆ ಕಮ್ಮಿ ಅಂದರೂ 355 ಮಿ.ಲೀ. ಬೇಕು, ಅದೂ ಸಮಯ ಜಾಸ್ತಿ ಮಾಡಿ. ಎಚ್‌ಸಿ-110ರ ಬಿ ಪ್ರಮಾಣದಲ್ಲಿ, ಅಂದರೆ 1 ಪಾಲಿಗೆ 31 ಪಾಲು ನೀರಿನಲ್ಲಿ, 270 ಮಿ.ಲೀ.ಗೆ ಮೂಲ ದ್ರವ ಎಂಟೂವರೆ ಮಿ.ಲೀ. ಕೂಡ ಬರುವುದಿಲ್ಲ. ಬೇಕಾದದ್ದು ಒಂಬತ್ತು. ಟ್ಯಾಂಕ್ ಮಾಡಿದವರು ಹೇಳುವುದು ಟ್ಯಾಂಕಿನ ಅಳತೆ. ಡೆವಲಪರಿನ ಅಳತೆ ನೀವೇ ಹಾಕಬೇಕು.

ಬೆಂಗಳೂರಿನಲ್ಲಿ ಇರುವವರಿಗೆ ಇದು ಇಷ್ಟು ಮುಖ್ಯ ಅನಿಸದಿರಬಹುದು. ನಮಗೆ ಡೆವಲಪರ್ ಕೊರಿಯರ್‌ನಲ್ಲೇ ಬರಬೇಕು. ಮಳೆಗಾಲದಲ್ಲಿ ಘಾಟಿ ರಸ್ತೆ ಕೆಟ್ಟರೆ ಅದೂ ತಡ. ಚಿಕ್ಕ ಟ್ಯಾಂಕಿನ ಪರ ನಾನು ಇಷ್ಟು ವಾದ ಮಾಡುವುದು ಇದಕ್ಕೇ.

ಕಾಫಿ ನಾಡಿನವನಾಗಿ ಇಲ್ಲೊಂದು ಮಾತು ಹೇಳದಿದ್ದರೆ ಹೇಗೆ? ಕಾಫಿಯಲ್ಲೂ ಫಿಲ್ಮ್ ತೊಳೆಯಬಹುದು. ಕೆಫೆನಾಲ್ ಅನ್ನುತ್ತಾರೆ. ಜನ ಜಾಸ್ತಿ ಬಳಸುವ ಅಳತೆ ಲೀಟರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ ಹದಿನೈದು ನಿಮಿಷ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ಚಿಕೋರಿ ಬೆರೆತ ಪುಡಿ ಬೇಡ. ಒಳ್ಳೇ ಅರೇಬಿಕಾ ಕೂಡ ಬೇಡ, ಅದನ್ನು ಕುಡಿಯಿರಿ; ಅಗ್ಗದ ರೋಬಸ್ಟಾ ಇನ್‌ಸ್ಟಂಟ್ ಪುಡಿಯೇ ಇದಕ್ಕೆ ವಾಸಿ. ವಾಸನೆಗೆ ಮನೆಯವರು ಬೈಯುತ್ತಾರೆ, ಅದು ಬೇರೆ ಮಾತು. ಟ್ಯಾಂಕಿನ ವಿಷಯಕ್ಕೆ ಬಂದರೆ ಕೆಫೆನಾಲ್ ನೊರೆ ಬರುತ್ತದೆ, ಒಳಗೆ ನೊರೆ ನಿಂತ ಕಡೆ ಫಿಲ್ಮ್ ಸರಿಯಾಗಿ ತೊಳೆಯುವುದಿಲ್ಲ. ಅದಕ್ಕೆ ಉರುಳಿಸುವ ಡ್ರಮ್ ಬೇಡ. ಶೀಟ್ ಪೂರ್ತಿ ಮುಳುಗುವ ಟ್ಯಾಂಕ್ ಬೇಕು.

ಯಾವುದು ಯಾರಿಗೆ

ಟ್ರೇ ಎಲ್ಲಕ್ಕಿಂತ ಅಗ್ಗ. ನಾಲ್ಕು ಪ್ಲಾಸ್ಟಿಕ್ ಟ್ರೇ ಇದ್ದರೆ ಆಯಿತು: ನೀರು, ಡೆವಲಪರ್, ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್, ಫಿಕ್ಸರ್. ಪಾತ್ರೆ ಅಂಗಡಿಯಲ್ಲಿ ತಳ ಸಪಾಟಾದ ಟ್ರೇ ಕೇಳಿ. ತಳದಲ್ಲಿ ಹೂವಿನ ಚಿತ್ತಾರ ಉಬ್ಬಿದ್ದರೆ ಫಿಲ್ಮ್ ಗೀಚುತ್ತದೆ. ಒಂದೊಂದೇ ಶೀಟ್ ತೊಳೆದರೆ ಟ್ರೇಯಷ್ಟು ಸಮನಾಗಿ ತೊಳೆಯುವುದು ಬೇರೊಂದಿಲ್ಲ. ನಾಲ್ಕನ್ನು ಒಟ್ಟಿಗೆ ಹಾಕಿ, ಇಸ್ಪೀಟ್ ಕಲಸಿದ ಹಾಗೆ ಕೆಳಗಿನದನ್ನು ಎಳೆದು ಮೇಲೆ ಇಡುತ್ತಾ ಹೋಗಬಹುದು. ಆದರೆ ಒಂದರ ಮೂಲೆ ಇನ್ನೊಂದರ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ, ಗೀರುತ್ತದೆ. ಕೈ ಪಳಗುವ ತನಕ ಎರಡಕ್ಕಿಂತ ಜಾಸ್ತಿ ಬೇಡ. ಹಾಗೆ ಒಟ್ಟಿಗೆ ಹಾಕುವಾಗ ಮೊದಲು ಒಂದೊಂದಾಗಿ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇಲ್ಫರ್ಡ್ ಕಂಪನಿ ತನ್ನ ಫಿಲ್ಮಿಗೆ ಮೊದಲು ನೀರು ಬೇಡ ಅನ್ನುತ್ತದೆ. ಮುಚ್ಚಳದ ಟ್ಯಾಂಕಿನಲ್ಲಿ ನಾನೂ ಹಾಕುವುದಿಲ್ಲ. ಟ್ರೇಯಲ್ಲಿ ಹಾಕುತ್ತೇನೆ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ನಾಲ್ಕು ಶೀಟಿನ ಚಪ್ಪಟೆ ಟ್ಯಾಂಕ್ ಅಂದರೆ ಸ್ಟಿಯರ್‌ಮನ್ ಪ್ರೆಸ್‌ನ ಎಸ್‌ಪಿ-445 ತರಹದ್ದು. ನೋಡಲು ಟಿಫನ್ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಒಳಗೆ ಎರಡು ಹಲಗೆ, ಹಲಗೆಯ ಎರಡೂ ಮೈಗೆ ಒಂದೊಂದು ಶೀಟ್. ಎಮಲ್ಷನ್ ಹೊರಮುಖವಾಗಿರಬೇಕು. ಎರಡೇ ಶೀಟ್ ಇದ್ದರೂ ಎರಡೂ ಹಲಗೆ ಹಾಕಿ, ಇಲ್ಲದಿದ್ದರೆ ತಿರುಗಿಸುವಾಗ ಒಳಗೆ ಅಲ್ಲಾಡುತ್ತದೆ. ದಿನಕ್ಕೆ ನಾಲ್ಕು ಶೀಟ್ ತೆಗೆಯುವವರಿಗೆ ಇದರಷ್ಟು ಹೊಂದುವುದು ನನಗೆ ಕಂಡಿಲ್ಲ. ಗಮನಿಸಬೇಕಾದದ್ದು ಎರಡು. ಬಾಯಿ ಚಿಕ್ಕದು, ಓರೆ ಹಿಡಿದು ಸುರಿದರೆ ಮಾತ್ರ ಬೇಗ ತುಂಬುತ್ತದೆ. ಗೋಡೆ ತೆಳು, ಒಳಗಿರುವುದು ಅರ್ಧ ಲೀಟರ್, ಕೈಯ ಬಿಸಿಗೇ ಉಷ್ಣತೆ ಏರುತ್ತದೆ. ತಿರುಗಿಸದ ಹೊತ್ತಿನಲ್ಲಿ ನೀರು ತುಂಬಿದ ಬೇಸಿನ್ನಿನಲ್ಲಿ ನಿಲ್ಲಿಸಿ.

ರೀಲು ತೊಳೆಯುವ ಪ್ಯಾಟರ್ಸನ್ ಟ್ಯಾಂಕ್ ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಮಾಡ್54 ಅನ್ನುವ ರ‍್ಯಾಕ್ ಸಾಕು. ಮೂರು ರೀಲಿನ ಟ್ಯಾಂಕೇ ಆಗಬೇಕು, ಅದರೊಳಗೆ ಆರು ಶೀಟ್ ಬಾಗಿ ನಿಲ್ಲುತ್ತವೆ. ಇದಕ್ಕೆ ಬೇಕಾದ್ದು ನಿಧಾನದ ಕೈ. ಜೋರಾಗಿ ತಿರುಗಿಸಿದರೆ ಶೀಟ್ ಜಾರಿ ಪಕ್ಕದ್ದಕ್ಕೆ ಅಂಟಿಕೊಳ್ಳಬಹುದು. ಅಂಟಿದ ಕಡೆ ಡೆವಲಪರ್ ಹೋಗುವುದಿಲ್ಲ, ಅಷ್ಟಗಲ ನೆಗೆಟಿವ್ ಹೋದ ಹಾಗೇ. ವಾರಕ್ಕೊಮ್ಮೆ ಆರು ಶೀಟ್ ಒಟ್ಟು ಹಾಕಿ ತೊಳೆಯುವವರಿಗೆ, ರೀಲೂ ತೊಳೆಯುವವರಿಗೆ ಇದು ಒಳ್ಳೆಯದು.

ಜೋಬೋ ಡ್ರಮ್ ಬಹಳ ಚೆನ್ನಾದ ವಸ್ತು. 3010 ಅನ್ನುವ ಡ್ರಮ್ಮಿನಲ್ಲಿ ಹತ್ತು ಶೀಟ್ ಪ್ರತ್ಯೇಕ ಗೂಡುಗಳಲ್ಲಿ ಕೂರುತ್ತವೆ, ಗೀರಿನ ಭಯವಿಲ್ಲ. ಆದರೆ ದುಬಾರಿ, ಮೇಲೆ ಆಮದು ಸುಂಕ. ಮೋಟಾರಿನ ಯಂತ್ರ ಬೇಕು, ಅಥವಾ ಕೈಯಲ್ಲಿ ಉರುಳಿಸುವ ರೋಲರ್ ಮಣೆ ಬೇಕು. ಜುಲೈ ತಿಂಗಳಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ಮೋಟಾರಿನಲ್ಲಿ ಫಿಲ್ಮ್ ತೊಳೆಯಲು ನನಗಂತೂ ಧೈರ್ಯವಿಲ್ಲ. ಉರುಳಿಸುವುದು ನಿಲ್ಲದೆ ನಡೆಯುವುದರಿಂದ ಸಮಯವನ್ನೂ ಶೇಕಡಾ 15ರವರೆಗೆ ಇಳಿಸಬೇಕು.

ಯಾಂಕೀ ಅನ್ನುವ ಹಳೇ ಮಾದರಿಯ ಹನ್ನೆರಡು ಶೀಟಿನ ಟ್ಯಾಂಕ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಕಾಣಿಸುತ್ತಿರುತ್ತದೆ. ಅದನ್ನು ತಲೆಕೆಳಗು ಮಾಡುವ ಹಾಗಿಲ್ಲ, ಅಕ್ಕಪಕ್ಕ ತೂಗಬೇಕು ಅಷ್ಟೇ. ಆಕಾಶ ಜಾಸ್ತಿ ಇರುವ ಚಿತ್ರಗಳಲ್ಲಿ ಸಮನಾದ ಬೂದು ಬರಿಸುವುದು ಹೀಗೆ ಕಷ್ಟ.

ದುಡ್ಡು ಹಾಕಲು ಮನಸ್ಸಿಲ್ಲವೇ? ಹಾರ್ಡ್‌ವೇರ್ ಅಂಗಡಿಗೆ ಹೋಗಿ. 50 ಎಂಎಂ ಪಿವಿಸಿ ಪೈಪನ್ನು ಆರಿಂಚಿನ ತುಂಡು ಮಾಡಿಸಿ, ಎರಡೂ ಕಡೆಗೆ ಎಂಡ್ ಕ್ಯಾಪ್ ತನ್ನಿ. ಒಂದು ಕಡೆಯದನ್ನು ಸಲ್ಯೂಷನ್ ಹಾಕಿ ಅಂಟಿಸಿ, ಎರಡು ದಿನ ಒಣಗಲು ಬಿಡಿ. ಒಳ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ. ಶೀಟಿನ ಐದಿಂಚಿನ ಬದಿ ಪೈಪಿನ ಉದ್ದಕ್ಕೆ, ನಾಲ್ಕಿಂಚಿನ ಬದಿ ಸುರುಳಿಯಾಗಿ, ಎಮಲ್ಷನ್ ಒಳಮುಖ. ಒಂದು ಪೈಪಿಗೆ ಒಂದು ಶೀಟ್, ಎಚ್‌ಸಿ-110 ಬಿ ಪ್ರಮಾಣದ್ದು 60 ಮಿ.ಲೀ. ಹಾಕಿ ನೀರಿನ ಬೇಸಿನ್ನಿನಲ್ಲಿ ಬಿಡದೆ ಉರುಳಿಸುತ್ತಿರಿ. ಬಿಳಿ ಪೈಪಿನೊಳಗೆ ಬೆಳಕು ತೂರುತ್ತದೆ. ಅದಕ್ಕೆ ಕತ್ತಲೆಯಲ್ಲೇ ಉರುಳಿಸಿ, ಅಥವಾ ಹೊರಗೆ ಕಪ್ಪು ಇನ್ಸುಲೇಶನ್ ಟೇಪ್ ಎರಡು ಮೂರು ಸುತ್ತು ಸುತ್ತಿ ಪರೀಕ್ಷೆ ಮಾಡಿ ನೋಡಿ. ಫಿಲ್ಮಿನ ಬೆನ್ನು ಪೈಪಿಗೆ ಒತ್ತಿಕೊಂಡಿದ್ದ ಕಡೆ ನೇರಳೆ ಕಲೆ ಉಳಿಯಬಹುದು. ಅದು ಬೆನ್ನಿನ ಬಣ್ಣದ ಲೇಪ. ಹೆದರಬೇಡಿ, ಶೀಟನ್ನು ಹೊರಗೆ ತೆಗೆದು ಟ್ರೇಯಲ್ಲಿ ಮತ್ತೆ ಫಿಕ್ಸರ್, ಮತ್ತೆ ನೀರು ಕಾಣಿಸಿದರೆ ಹೋಗುತ್ತದೆ.

ಎಕ್ಸ್‌ರೇ ಫಿಲ್ಮ್ ಬಳಸುವವರಿಗೆ ಬೇರೆಯೇ ದಾರಿ

ನಮ್ಮ ದೇಶದಲ್ಲಿ ದೊಡ್ಡ ನೆಗೆಟಿವ್‌ಗೆ ಅಗ್ಗದ ದಾರಿ ಅಂದರೆ ಎಕ್ಸ್‌ರೇ ಫಿಲ್ಮ್. 8×10 ಇಂಚಿನದನ್ನು ಹಾಗೇ ಬಳಸಬಹುದು, ಕತ್ತರಿಸಿದರೆ ನಾಲ್ಕು 4×5. ಸರಿಯಾಗಿ ನಾಲ್ಕು-ಐದು ಇಂಚಿಗೆ ಕತ್ತರಿಸಬೇಡಿ. ನಿಜವಾದ 4×5 ಫಿಲ್ಮ್ ಒಂದೆರಡು ಎಂಎಂ ಚಿಕ್ಕದೇ ಇರುತ್ತದೆ. ದೊಡ್ಡದಾದರೆ ಹೋಲ್ಡರಿಗೂ ಹೋಗುವುದಿಲ್ಲ, ಟ್ಯಾಂಕಿನ ಹಲಗೆಯಲ್ಲೂ ಉಬ್ಬಿ ನಿಲ್ಲುತ್ತದೆ.

ಇದರಲ್ಲಿ ಸಾಮಾನ್ಯವಾಗಿ ಎರಡೂ ಮೈಗೆ ಎಮಲ್ಷನ್. ಹಾಗಾಗಿ ಬೆನ್ನು ಹಲಗೆಗೆ ಒರಗುವ ಟ್ಯಾಂಕ್, ಪೈಪ್, ಡ್ರಮ್ ಯಾವುದೂ ಬೇಡ. ಒರಗಿದ ಕಡೆ ಪಟ್ಟೆ ಬರುತ್ತದೆ, ಇಲ್ಲವೇ ಎಮಲ್ಷನ್ ಕಿತ್ತು ಬರುತ್ತದೆ. ಒದ್ದೆಯಾದಾಗ ಇದು ಬೆಣ್ಣೆಯಷ್ಟು ಮೆತ್ತಗೆ. ಒಳ್ಳೆಯ ಮಾತೆಂದರೆ ನೀಲಿ ಇಲ್ಲವೇ ಹಸಿರು ಬೆಳಕಿಗೆಂದು ಮಾಡಿದ ಇದರ ಜಾತಿಗಳಿಗೆ ಕೆಂಪು ಕಾಣಿಸುವುದಿಲ್ಲ. ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ತೊಳೆಯಬಹುದು. ದೀಪ ಸರಿ ಇದೆಯೇ ಅಂತ ತಿಳಿಯಲು ಒಂದು ತುಂಡು ಫಿಲ್ಮಿನ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ದೀಪದ ಕೆಳಗೆ ಐದು ನಿಮಿಷ ಬಿಡಿ, ಆಮೇಲೆ ತೊಳೆಯಿರಿ. ನಾಣ್ಯದ ಗುರುತು ಕಂಡರೆ ಆ ದೀಪ ಬೇಡ.

ಇದಕ್ಕೆ ಸರಿಯಾದ ಪಾತ್ರೆ ಹ್ಯಾಂಗರ್ ಮತ್ತು ನಿಲುವಿನ ತೊಟ್ಟಿ. ಹಳೇ ಎಕ್ಸ್‌ರೇ ಲ್ಯಾಬ್‌ಗಳಲ್ಲಿ ಫಿಲ್ಮನ್ನು ನಾಲ್ಕು ಮೂಲೆಗೆ ಕ್ಲಿಪ್ ಹಾಕಿ ಸ್ಟೀಲ್ ಚೌಕಟ್ಟಿನಲ್ಲಿ ಅದ್ದುತ್ತಿದ್ದರು. ಲ್ಯಾಬ್‌ಗಳೆಲ್ಲ ಡಿಜಿಟಲ್ ಆದ ಮೇಲೆ ಆ ಚೌಕಟ್ಟುಗಳಿಗೆ ಬೆಲೆ ಇಲ್ಲ. ಹಾಸನದ ಒಂದು ಗುಜರಿಯಲ್ಲಿ ನನಗೆ 8×10 ಅಳತೆಯವು ಎರಡು ಸಿಕ್ಕವು. ತೂಕಕ್ಕೆ ಕೊಟ್ಟ. "ಏನ್ ಸಾರ್, ಫೋಟೋ ಫ್ರೇಮಾ?" ಅಂತ ಕೇಳಿದ, ಹೂಂ ಅಂದೆ. ತೊಟ್ಟಿಯನ್ನು ಅಕ್ವೇರಿಯಂ ಅಂಗಡಿಯಲ್ಲಿ ಮಾಡಿಸಿದೆ. ಒಳಗಡೆ ಉದ್ದ 30 ಸೆಂ.ಮೀ., ಎತ್ತರ 30, ಅಗಲ ಬರೀ ಎರಡೂವರೆ. ಗಾಜು, ಸಿಲಿಕೋನ್ ಅಂಟು. ಎರಡು ಲೀಟರಿಗೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಅಂಗಡಿಯವರು ಅಷ್ಟು ತೆಳ್ಳಗಿನ ತೊಟ್ಟಿಯಲ್ಲಿ ಮೀನು ಬದುಕುವುದಿಲ್ಲ ಅಂತ ಮೂರು ಸಲ ಹೇಳಿದರು. ಅಡಿ ಅಗಲವಿಲ್ಲದ್ದರಿಂದ ಅದು ಪಕ್ಕಕ್ಕೆ ಉರುಳುತ್ತದೆ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ. ಹ್ಯಾಂಗರನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸಿದರೆ ಕ್ಲಿಪ್ಪಿನ ಪಕ್ಕ ದ್ರಾವಣ ನುಗ್ಗಿ ಅಲ್ಲಿ ಕಪ್ಪು ಗೆರೆ ಬೀಳುತ್ತದೆ. ನಿಮಿಷಕ್ಕೊಮ್ಮೆ ಪೂರ್ತಿ ಮೇಲೆತ್ತಿ, ಒಂದು ಮೂಲೆಗೆ ಓರೆ ಮಾಡಿ ಸೋರಿಸಿ, ಅದ್ದಿ. ಮತ್ತೆ ಎತ್ತಿ ಇನ್ನೊಂದು ಮೂಲೆಗೆ ಸೋರಿಸಿ.

ತಂದ ಮೇಲೆ, ಫಿಲ್ಮ್ ಹಾಕುವ ಮೊದಲು

ಹೊಸದಾಗಲಿ, ಯಾರಿಂದಲೋ ಕೊಂಡದ್ದಾಗಲಿ, ಟ್ಯಾಂಕಿಗೆ ನೇರವಾಗಿ ಫಿಲ್ಮ್ ಹಾಕಬೇಡಿ. ನಾನು ಹಾಗೆ ಮಾಡಿ ಶೆಟ್ಟಿಹಳ್ಳಿ ಚರ್ಚಿನ ಎರಡು ಶೀಟ್ ಕಳೆದುಕೊಂಡೆ. ಸೆಕೆಂಡ್‌ಹ್ಯಾಂಡ್ ಟ್ಯಾಂಕಿನ ಮುಚ್ಚಳದ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದಾಗ ಮಾತ್ರ ಆ ಚರ್ಚಿನ ಒಳಗೆ ನಡೆದು ಹೋಗಬಹುದು. ಮತ್ತೆ ಒಂದು ವರ್ಷ ಕಾದೆ.

1. ನೀರು ತುಂಬಿ ಮುಚ್ಚಳ ಹಾಕಿ ಹದಿನೈದು ಸಲ ತಲೆಕೆಳಗು ಮಾಡಿ. ಒಂದೆರಡು ಹನಿ ಸಹಜ. ಧಾರೆಯಾಗಿ ಸೋರಿದರೆ ರಬ್ಬರ್ ಉಂಗುರ ನೋಡಿ.

2. ಅದೇ ನೀರನ್ನು ತುಂಬಲು, ಸುರಿಯಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದಿಡಿ. ಹದಿನೈದು ಸೆಕೆಂಡಿನೊಳಗೆ ಆದರೆ ಒಳ್ಳೆಯದು. ಅರ್ಧ ನಿಮಿಷ ಬೇಕಾದರೆ ಶೀಟಿನ ಕೆಳಭಾಗ ಮೇಲ್ಭಾಗಕ್ಕಿಂತ ಮೊದಲೇ ತೊಳೆಯಲು ಶುರುವಾಗಿರುತ್ತದೆ. ಅಂಥ ಟ್ಯಾಂಕಿಗೆ ಎಂಟು ನಿಮಿಷಕ್ಕಿಂತ ಜಾಸ್ತಿ ಹಿಡಿಯುವ ತೆಳು ಡೆವಲಪರ್ ಆರಿಸಿಕೊಳ್ಳಿ. ಐದು ನಿಮಿಷಕ್ಕಿಂತ ಕಡಿಮೆ ಸಮಯ ಯಾವ ಟ್ಯಾಂಕಿಗೂ ಬೇಡ.

3. ಹಾಳಾದ ಒಂದು ಶೀಟ್ ತೆಗೆದುಕೊಂಡು ಬೆಳಕಿನಲ್ಲಿ ಹತ್ತು ಸಲ ತುಂಬಿ ತೆಗೆಯಿರಿ. ಆಮೇಲೆ ಕಣ್ಣು ಮುಚ್ಚಿ ಹತ್ತು ಸಲ. ಆಮೇಲೆ ಚೀಲದೊಳಗೆ. ಶೀಟಿನ ಮೂಲೆಯಲ್ಲಿ ಕಚ್ಚುಗಳಿರುತ್ತವೆ. ಶೀಟ್ ಉದ್ದುದ್ದ ಹಿಡಿದಾಗ ಕಚ್ಚು ಬಲಗಡೆ ಮೇಲಿನ ಮೂಲೆಯಲ್ಲಿ, ನಿಮ್ಮ ಬಲ ತೋರುಬೆರಳಿಗೆ ಸಿಗುವ ಹಾಗಿದ್ದರೆ ಎಮಲ್ಷನ್ ನಿಮ್ಮ ಕಡೆ ಇದೆ. ನೀವೇ ಕತ್ತರಿಸಿದ ಫಿಲ್ಮಿಗೆ ಕಚ್ಚು ಇರುವುದಿಲ್ಲ. ಒಂದೇ ಮೈಗೆ ಎಮಲ್ಷನ್ ಇರುವ ಫಿಲ್ಮ್ ಆದರೆ ಕತ್ತರಿಸುವಾಗಲೇ ಮೂಲೆ ಕೊಯ್ದು ಗುರುತು ಮಾಡಿಕೊಳ್ಳಿ.

4. ಬೆಳಕು ತೂರುತ್ತದೆಯೇ ಅಂತ ನೋಡಲು ಒಂದು ಹೊಸ ಶೀಟನ್ನೇ ಬಲಿ ಕೊಡಬೇಕು. ಕತ್ತಲೆಯಲ್ಲಿ ತುಂಬಿ, ಮುಚ್ಚಿ, ಅಂಗಳದ ಬಿಸಿಲಲ್ಲಿ ಹತ್ತು ನಿಮಿಷ ಎಲ್ಲಾ ಮಗ್ಗುಲಿಗೆ ತಿರುಗಿಸುತ್ತಾ ಇಡಿ. ಆಮೇಲೆ ತೊಳೆಯಿರಿ. ಪೂರ್ತಿ ತಿಳಿಯಾಗಿ ಬಂದರೆ ಟ್ಯಾಂಕ್ ಗಟ್ಟಿ. ಎಲ್ಲೋ ಕಪ್ಪು ಹೊಗೆ ಕಂಡರೆ ಅದು ಯಾವ ಮೂಲೆಯಿಂದ ಹೊರಟಿದೆ ನೋಡಿ, ಬಿರುಕು ಅಲ್ಲೇ ಇದೆ.

5. ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಮೋಡ ಕವಿದ ದಿನ ಸುಣ್ಣ ಬಳಿದ ಗೋಡೆಯನ್ನು ಫೋಕಸ್ ತಪ್ಪಿಸಿ ಬರೀ ಬೂದು ಬರುವ ಹಾಗೆ ಒಂದು ಶೀಟ್ ತೆಗೆಯಿರಿ. ನೀವು ಬಳಸಲಿರುವ ಡೆವಲಪರ್, ಸಮಯ, ತಿರುಗಿಸುವ ರೀತಿಯಲ್ಲೇ ತೊಳೆಯಿರಿ. ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿ. ಅಂಚು ಮಾತ್ರ ಕಪ್ಪಾಗಿದ್ದರೆ ನೀವು ಜೋರಾಗಿ ತಿರುಗಿಸುತ್ತಿದ್ದೀರಿ. ನಡುವೆ ಮೋಡದಂತೆ ತೇಪೆ ಇದ್ದರೆ ತಿರುಗಿಸಿದ್ದು ಸಾಲದು. ಮೇಲಂಚಿನಲ್ಲಿ ಅಲೆ ಅಲೆಯಾದ ತಿಳಿ ಪಟ್ಟಿ ಕಂಡರೆ ದ್ರಾವಣ ಕಡಿಮೆಯಾಗಿದೆ. ದೇವಸ್ಥಾನದ ಕೆತ್ತನೆಯಲ್ಲಿ ಇದ್ಯಾವುದೂ ಕಾಣದೆ ಅಡಗುತ್ತದೆ, ಮುಳ್ಳಯ್ಯನಗಿರಿಯ ಆಕಾಶದಲ್ಲಿ ಎದ್ದು ಕಾಣುತ್ತದೆ.

ಮೊದಲ ಸರದಿ

ಉದಾಹರಣೆಗೆ ಎಫ್‌ಪಿ4 ಪ್ಲಸ್ ಫಿಲ್ಮ್, ಐಡಿ-11 ಡೆವಲಪರ್ ಒಂದಕ್ಕೊಂದು. ಇಲ್ಫರ್ಡ್ ಪಟ್ಟಿಯ ಪ್ರಕಾರ 20 ಡಿಗ್ರಿಯಲ್ಲಿ 11 ನಿಮಿಷ. ಡಿಸೆಂಬರಿನಲ್ಲಿ ನಮ್ಮ ನಲ್ಲಿ ನೀರೇ ಹೆಚ್ಚು ಕಡಿಮೆ ಅಷ್ಟಿರುತ್ತದೆ. ಏಪ್ರಿಲ್‌ನಲ್ಲಿ ಟೆರೇಸಿನ ಟ್ಯಾಂಕಿನಿಂದ ಬರುವುದು ಬಿಸಿನೀರೇ. ಹಿಂದಿನ ರಾತ್ರಿ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಡಿ. ಅಷ್ಟಾದರೂ 24 ಡಿಗ್ರಿ ಇದ್ದರೆ ಪರವಾಗಿಲ್ಲ, ಸಮಯವನ್ನು ಸುಮಾರು ಏಳೂವರೆ ನಿಮಿಷಕ್ಕೆ ಇಳಿಸಿ. ಡೆವಲಪರ್, ಸ್ಟಾಪ್, ಫಿಕ್ಸರ್, ತೊಳೆಯುವ ನೀರು ನಾಲ್ಕೂ ಒಂದೇ ಉಷ್ಣತೆಯಲ್ಲಿರಲಿ.

ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಸಿಂಕಿನ ಕಟ್ಟೆಗೆ ಎರಡು ಸಲ ತಟ್ಟಿ, ಗುಳ್ಳೆ ಬಿಡಲಿ. ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು, ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ ನಾಲ್ಕು ಸಲ. ಬೂದು ಶೀಟಿನಲ್ಲಿ ತೇಪೆ ಕಂಡಿದ್ದರೆ ಇದನ್ನು ಅರ್ಧ ನಿಮಿಷಕ್ಕೊಮ್ಮೆ ಮಾಡಿ. ಸಮಯ ಮುಗಿಯಲು ನಿಮ್ಮ "ಸುರಿಯುವ ಸೆಕೆಂಡ್" ಬಾಕಿ ಇರುವಾಗಲೇ ಸುರಿಯಲು ಶುರು ಮಾಡಿ. ಸ್ಟಾಪ್ ಬಾತ್ ಇಲ್ಲದಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಮೂರು ಪಾಲು ಸಾಕು. ಬಳಸಿದ ಫಿಕ್ಸರ್ ಅನ್ನು ತೋಟಕ್ಕೋ ಬಾವಿ ಕಟ್ಟೆಗೋ ಚೆಲ್ಲಬೇಡಿ, ಅದರಲ್ಲಿ ಬೆಳ್ಳಿ ಇರುತ್ತದೆ. ಕ್ಯಾನಿನಲ್ಲಿ ಕೂಡಿಡಿ.

ಜಾಲಿಸುವುದಕ್ಕೆ ಗಂಟೆಗಟ್ಟಲೆ ನಲ್ಲಿ ಬಿಡಬೇಕಿಲ್ಲ. ನೀರು ತುಂಬಿ ಐದು ಸಲ ತಲೆಕೆಳಗು, ಚೆಲ್ಲಿ. ಹೊಸ ನೀರು, ಹತ್ತು ಸಲ. ಮತ್ತೆ ಹೊಸ ನೀರು, ಇಪ್ಪತ್ತು ಸಲ. ಬೇಗ ಕೆಲಸ ಮಾಡುವ, ಗಟ್ಟಿಕಾರಕವಿಲ್ಲದ ಫಿಕ್ಸರ್‌ಗೆ ಇದು ಇಲ್ಫರ್ಡ್ ಹೇಳಿಕೊಟ್ಟ ಕ್ರಮ, ಚಪ್ಪಟೆ ಟ್ಯಾಂಕಿಗೂ ನಾನು ಇದನ್ನೇ ಅನುಸರಿಸುತ್ತೇನೆ. ಹಾಸನ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಅದ್ದು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿರಲಿ, ಅದಕ್ಕೆ ನೀರು ಹನಿಗಟ್ಟದೆ ಜಾರುವಂತೆ ಮಾಡುವ ವೆಟ್ಟಿಂಗ್ ಏಜೆಂಟ್ ಎರಡು ಹನಿ.

ಒಂದು ಮೂಲೆಗೆ ಕ್ಲಿಪ್ ಹಾಕಿ, ಶೀಟ್ ಓರೆಯಾಗಿ ನೇತಾಡಲಿ. ಮಳೆಗಾಲದಲ್ಲಿ ಧೂಳಿಲ್ಲ ಅನ್ನುವುದೊಂದೇ ಲಾಭ. ಒಣಗಲು ಒಂದು ರಾತ್ರಿ ಸಾಲದು, ಎರಡು ಬೇಕಾಗುತ್ತದೆ. ಟ್ಯಾಂಕಿನ ಹಲಗೆಗಳೂ ಹಾಗೇ. ಅವು ಪೂರ್ತಿ ಒಣಗುವವರೆಗೆ ಮುಂದಿನ ಶೀಟ್ ತುಂಬಬೇಡಿ. ಒಂದು ಹನಿ ನೀರು ಉಳಿದಿದ್ದರೂ ಫಿಲ್ಮ್ ಅರ್ಧ ದಾರಿಯಲ್ಲಿ ಅಂಟಿ ನಿಲ್ಲುತ್ತದೆ. ಕತ್ತಲೆ ಚೀಲದೊಳಗೆ ಅದನ್ನು ಬಿಡಿಸುವಷ್ಟರಲ್ಲಿ ಮೈ ಬೆವರಿಳಿಯುತ್ತದೆ. ನಾನು ಜುಲೈ, ಆಗಸ್ಟ್‌ನಲ್ಲಿ ಹಲಗೆಗಳನ್ನು ಅಮ್ಮನ ಹಪ್ಪಳದ ಡಬ್ಬಿಗಳ ಪಕ್ಕ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ.